ಚಿಗರಿ ಕಾಟ, ಕಟ್ಟೆ ಜಗಳ

ರಾಣೆಬೆನ್ನೂರು ಕಡೆ ಮಾವನ ಹೊಲದ ಸುತ್ತ ಈಗ ಹಳೇ ಸೀರೆಗಳದ್ದೇ ಬೇಲಿ. ಆಗಷ್ಟೇ ಎಲೆ ಬಿಟ್ಟ ಹೆಸರುಕಾಳಿನ ಸಸಿಗಳನ್ನು ಚಿಗರಿಗಳು, ಅಂದ್ರೆ ಕೃಷ್ಣಮೃಗಗಳು, ಬುಡಮಟ್ಟ ಮೇಯ್ದಿವೆ. ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ. ಕಟ್ಟೆ ಮೇಲೆ ಅದೇ ಜಗಳ. ‘ಅರಣ್ಯದವರು ಎಲ್ಲಾ ಹಿಡಕೊಂಡ್ ಹೋಗ್ಲಿ’ ಅಂತ ಒಬ್ಬರು, ‘ಮೂಕ ಪ್ರಾಣಿ, ಅವು ಎಲ್ಲಿಗ್ ಹೋಗ್ಬೇಕು?’ ಅಂತ ಇನ್ನೊಬ್ಬರು.

ರಾಣೆಬೆನ್ನೂರಲ್ಲಿ ಚಿಗರಿಗಳಿಗೆ ಅಂತಲೇ ಅಭಯಾರಣ್ಯ 1974ರಲ್ಲೇ ಆಗಿದೆ, ನಿಜ. ಆದರೆ ಹುಲ್ಲು ಬೆಳೆಯೋ ಕಡೆ ನೀಲಗಿರಿ ನೆಟ್ಟರೆ, ಬಯಲಲ್ಲಿ ಮೇಯೋ ಪ್ರಾಣಿ ಹೊಲಕ್ಕೇ ಬರುತ್ತೆ, ಅಲ್ವಾ? ಬೇಟೆಯಾಡೋ ತೋಳಗಳೂ ಕಮ್ಮಿ. ಹಾಗಂತ ಬೀಜ, ಗೊಬ್ಬರದ ಸಾಲ ತೀರಿಸಬೇಕಾದವರು ಮಾವನೇ! ಪರಿಹಾರದ ದುಡ್ಡು ಮುಂದಿನ ಬಿತ್ತನೆಯೊಳಗೆ ಕೈಗೆ ಬಂದರೆ ಈ ಜಗಳ ಅರ್ಧ ನಿಲ್ಲುತ್ತೆ ಅಂತ ನನಗನ್ನಿಸುತ್ತೆ.