ಮಂಡಿ ಅಂತ ಎಲ್ಲೂ ಇಲ್ವಲ್ಲಮ್ಮ

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ತಪ್ಪು ಒತ್ತಿದ್ನೇನಮ್ಮಾ?"

ಒಂದು ದೊಡ್ಡ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಜನರಿಗೆ ಬೇಕಾದ್ದು ಸಿಗುತ್ತದೋ ಇಲ್ಲವೋ ಎಂದು ನೋಡುವ ಕೆಲಸ ನಮ್ಮದು. ಬಣ್ಣ, ಚಿತ್ರ ಏನೂ ಇಲ್ಲದೆ ಬರೀ ಮೆನುವಿನ ಪದಗಳನ್ನು ಮುಂದಿಟ್ಟು ಹುಡುಕಿಸುತ್ತೇವೆ. ಟ್ರೀ ಟೆಸ್ಟ್ ಅಂತಾರೆ. ಪದಗಳೇ ದಾರಿ ತಪ್ಪಿಸುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆವತ್ತು ಬಂದವರು ಅರವತ್ತು ದಾಟಿದ ಒಬ್ಬರು ಆಂಟಿ. ಕೊಟ್ಟ ಕೆಲಸ ಇಷ್ಟೇ: ಮಂಡಿನೋವಿಗೆ ತೋರಿಸಬೇಕು, ಡಾಕ್ಟರ್ ಯಾವ ದಿನ ಇರುತ್ತಾರೆ ಹುಡುಕಿ.

ಕನ್ನಡಕ ಹಾಕಿಕೊಂಡರು. 'ನಮ್ಮ ಸೇವೆಗಳು' ಒತ್ತಿದರು. ಅಲ್ಲಿ ಆಂಬುಲೆನ್ಸ್, ಬ್ಲಡ್ ಬ್ಯಾಂಕ್. ವಾಪಸ್ ಬಂದರು. 'ಸೆಂಟರ್ಸ್ ಆಫ್ ಎಕ್ಸಲೆನ್ಸ್' ಹತ್ತಿರ ಬೆರಳು ಹೋಯಿತು, ಮುಟ್ಟಲಿಲ್ಲ. ಕಾವಲಿ ಕಾದಿದೆಯೋ ಇಲ್ಲವೋ ನೋಡುವವರ ಹಾಗೆ ಬೆರಳು ಮೇಲೆಯೇ ನಿಂತಿತ್ತು. "ಮಂಡಿ ಅಂತ ಎಲ್ಲೂ ಇಲ್ವಲ್ಲಮ್ಮ" ಅಂದರು. ಆಮೇಲೆ ನನ್ನ ಮುಖ ನೋಡಿ, "ತಪ್ಪು ಒತ್ತಿದ್ನೇನಮ್ಮಾ?"

ಪರೀಕ್ಷೆ ಸೈಟಿಗೆ, ನಿಮಗಲ್ಲ ಎಂದು ಶುರುವಿನಲ್ಲೇ ಹೇಳಿದ್ದೆ. ಪ್ರತಿಸಲವೂ ಹೇಳುತ್ತೇವೆ. ಯಾರೂ ನಂಬುವುದಿಲ್ಲ. ನಾವು ದಾರಿ ತೋರಿಸುವ ಹಾಗೂ ಇಲ್ಲ. ಸುಮ್ನೆ ಕೂತಿದ್ದೆ. 'ಆರ್ಥೋಪೆಡಿಕ್ಸ್', ಅಂದರೆ ಮೂಳೆ-ಕೀಲುಗಳ ವಿಭಾಗ, ಅನ್ನುವ ಪದವನ್ನು ಎರಡು ಸಲ ದಾಟಿ ಹೋದರು. ಮೂರನೇ ಸಲ ಧೈರ್ಯ ಮಾಡಿ ಒತ್ತಿದರು. ನಾಲ್ಕು ನಿಮಿಷ. ಸಾಫ್ಟ್‌ವೇರ್ 'ಯಶಸ್ಸು' ಅಂತ ಬರೆದುಕೊಂಡಿತು.

ಏಳುವಾಗ ಕೇಳಿದರು: "ಹಾಗಾದ್ರೆ ಡಾಕ್ಟರ್ ಯಾವತ್ತು ಇರ್ತಾರೆ?" ಅವರಿಗೆ ನಿಜವಾಗಿಯೂ ಮಂಡಿನೋವಿತ್ತು. ನಮ್ಮ ಟೆಸ್ಟಿನಲ್ಲಿ ಬರೀ ಪದಗಳು, ಉತ್ತರ ಇರಲಿಲ್ಲ. ಕೌಂಟರಿಗೆ ಫೋನ್ ಮಾಡಿ ಕೇಳಿ, ಚೀಟಿಯಲ್ಲಿ ಬರೆದುಕೊಟ್ಟೆ.

ನಿನ್ನೆ ಮ್ಯಾನೇಜರ್ ಸ್ಲೈಡ್ ಮಾಡಿದ್ದರು: 'ಶೇ. 80 ಯಶಸ್ಸು'. ಐದು ಜನರಲ್ಲಿ ನಾಲ್ವರು, ಲೆಕ್ಕ ಸರಿ. ಒಳ್ಳೆಯ ಮನುಷ್ಯ, ಆದರೆ ಅಂಕಿಗಳ ಮೇಲೆ ಪ್ರೀತಿ ಜಾಸ್ತಿ. ಐದು ಜನ ಸಾಕು ಎಂದು ವೆಬ್‌ಸೈಟ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದು ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೆ. ಶೇಕಡಾ ಲೆಕ್ಕ ಹೇಳಬೇಕಾದರೆ ಇನ್ನೂ ತುಂಬಾ ಜನ ಬೇಕು. ಆ ನಾಲ್ವರಲ್ಲೂ ಎಲ್ಲೂ ಎಡವದೆ ತಲುಪಿದವಳು ಒಬ್ಬಳೇ, ನರ್ಸಿಂಗ್ ಓದಿದ ಹುಡುಗಿ.

"ಕೊನೆಗೆ ಸಿಕ್ತಲ್ವಾ?" ಅಂದರು ಮ್ಯಾನೇಜರ್. ಸಿಕ್ಕಿತು. ಆದರೆ ತನ್ನದೇ ತಪ್ಪು ಅಂದುಕೊಂಡವರು ಮನೆಯಲ್ಲಿ ಇನ್ನೊಂದು ಸಲ ಒತ್ತುವುದಿಲ್ಲ. ಮಗನೋ ಮೊಮ್ಮಗಳೋ ಬರಲಿ ಅಂತ ಕಾಯುತ್ತಾರೆ. ನಮ್ಮಮ್ಮನೂ ಹಾಗೇ. ನಾನು ಊರಿಗೆ ಹೋಗುವವರೆಗೆ ಕರೆಂಟ್ ಬಿಲ್ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿರುತ್ತಾಳೆ. ನಲವತ್ತು ವರ್ಷ ಮನೆಯ ಲೆಕ್ಕ ನೋಡಿದವಳು.

ರಾತ್ರಿ ಕೂತು ಶೇ. 80 ತೆಗೆದೆ. ಆ ಜಾಗದಲ್ಲಿ ಆಂಟಿಯ ಮಾತು ಹಾಕಿದೆ. ಕೆಳಗೆ ಮೆನುವಿಗೆ ಹೊಸ ಹೆಸರು ಬರೆದೆ: 'ಮೂಳೆ ಮತ್ತು ಮಂಡಿ'. ಸೋಮವಾರ ಮೀಟಿಂಗ್ ಇದೆ.