ಕ್ಯಾಸ್‌9ರ ಉಡದ ಪಟ್ಟು: ಮೂರನೇ ಜೆಲ್‌ನಲ್ಲಿ ಕೊನೆಗೂ ಎರಡು ಬ್ಯಾಂಡ್

ಬಂತು! ಗೈಡ್ ಆರ್‌ಎನ್‌ಎ ತೋರಿಸಿದ ಜಾಗದಲ್ಲಿ ಡಿಎನ್‌ಎ ಕತ್ತರಿಸುವ ಪ್ರೋಟೀನ್ ಈ ಕ್ಯಾಸ್‌9. ಅದಕ್ಕೆ ಕೊಟ್ಟ 1,000 ಬೇಸ್ ಜೋಡಿ ಉದ್ದದ ಪಿಸಿಆರ್ ತುಂಡು (ನಕಲು ತೆಗೆದ ಡಿಎನ್‌ಎ) 640 ಮತ್ತು 360 ಆಗಿ ಒಡೆದಿದೆ. ಜೆಲ್‌ನಲ್ಲಿ ಡಿಎನ್‌ಎ ತುಂಡುಗಳು ಉದ್ದದ ಪ್ರಕಾರ ಬೇರೆಯಾಗಿ ಗೆರೆಗಳಾಗಿ (ಬ್ಯಾಂಡ್) ಕಾಣುತ್ತವೆ. ಹಿಂದಿನ ಎರಡು ಜೆಲ್‌ಗಳಲ್ಲಿ ವೆಲ್ (ಡಿಎನ್‌ಎ ಹಾಕುವ ಕುಳಿ) ಬಾಯಲ್ಲೇ ಒಂದು ಮಬ್ಬು ಗೆರೆ, ಕೆಳಗೆ ಖಾಲಿ. ಪಿಸಿಆರ್, ಕ್ಲೀನಪ್ ಎಲ್ಲರಿಗೂ ಗೊತ್ತಿದ್ದದ್ದೇ, ಬಿಟ್ಟೆ.

ಮೊದಲ ಅನುಮಾನ ಗೈಡ್ ಆರ್‌ಎನ್‌ಎ ಮೇಲೆ. ಮೈಸೂರಿಗೆ ತಲುಪುವಷ್ಟರಲ್ಲಿ ಥರ್ಮಾಕೋಲ್ ಡಬ್ಬಿಯ ಐಸ್ ಪ್ಯಾಕ್ ನೀರಾಗಿತ್ತು. ಸಪ್ಲೈಯರ್ ಕೇಳಿದರೆ "ಏನೂ ಆಗಲ್ಲ ಸಾರ್, ಫ್ರೀಜರ್‌ಗೆ ಹಾಕ್ಬಿಡಿ." ಆದರೆ ಗೈಡ್ ಕೆಟ್ಟಿದ್ದರೆ 1,000ದ ಬ್ಯಾಂಡ್ ಹಾಗೇ ಇರಬೇಕಿತ್ತು. ಅದೂ ಮಾಯ. ಅಂದರೆ ಡಿಎನ್‌ಎಗೆ ಏನೋ ಅಂಟಿದೆ.

ಅಂಟಿದ್ದು ಕ್ಯಾಸ್‌9ಯೇ. ಇಕೋಆರ್‌1 ಥರದ ಎಂಜೈಮ್ ಒಂದು ಕಡೆ ಕತ್ತರಿಸಿ, ತನ್ನ ಗುರುತಾದ ಮುಂದಿನ ಜಿಎಎಟಿಟಿಸಿ ಬೇಸ್ ಸಾಲು ಹುಡುಕಿಕೊಂಡು ಹೋಗುತ್ತದೆ. ಕ್ಯಾಸ್‌9 ಮಾತ್ರ ಎನ್‌ಜಿಜಿ ಗುರುತಿಗಿಂತ (ಎನ್ ಅಂದರೆ ಯಾವ ಬೇಸ್ ಆದರೂ ಸರಿ) ಮೂರು ಬೇಸ್ ಹಿಂದೆ ಎರಡೂ ಎಳೆ ಕತ್ತರಿಸಿ, ತುದಿ ಬಿಡದೆ ಗಂಟೆಗಟ್ಟಲೆ ಕೂರುತ್ತದೆ. ಸುಮಾರು 160 ಕಿಲೋಡಾಲ್ಟನ್ ಹೊರೆ ಹೊತ್ತ ತುಂಡು ಜೆಲ್‌ನಲ್ಲಿ ಎಲ್ಲಿ ಓಡೀತು? ಬ್ಯಾಕ್ಟೀರಿಯಾಗೇನು, ಒಳನುಗ್ಗಿದ ವೈರಸ್ಸಿನ ಡಿಎನ್‌ಎ ತುಂಡಾದರೆ ಸಾಕು.

ಮದ್ದು: ಕೊನೆಯಲ್ಲಿ 20 ಮಿಗ್ರಾಂ/ಮಿಲೀ ಪ್ರೋಟೀನೇಸ್ ಕೆ (ಪ್ರೋಟೀನ್ ತಿನ್ನುವ ಎಂಜೈಮ್) 1 ಮೈಕ್ರೋಲೀಟರ್, 10 ನಿಮಿಷ. ಜೆಲ್‌ಗೆ ಹಾಕುವ ಮುನ್ನ ಬೆರೆಸುವ ಬಣ್ಣದಲ್ಲಿ (ಲೋಡಿಂಗ್ ಡೈ) ಪ್ರೋಟೀನ್ ಬಿಚ್ಚುವ ಎಸ್‌ಡಿಎಸ್ ಇರಲಿ. ಮೆಗ್ನೀಸಿಯಂ ಕಟ್ಟಿಹಾಕುವ ಇಡಿಟಿಎ ಕತ್ತರಿಸುವುದನ್ನು ನಿಲ್ಲಿಸುತ್ತದೆ, ಹಿಡಿತ ಬಿಡಿಸುವುದಿಲ್ಲ.

ಇನ್ನೊಂದು ಎಡವಟ್ಟು ಅಳತೆಯದು. ಒಂದು ಕ್ಯಾಸ್‌9 ಅಣು ಕತ್ತರಿಸುವುದು ಹೆಚ್ಚುಕಮ್ಮಿ ಒಂದೇ ಸಲ. ಹೊತ್ತು ಹೆಚ್ಚಿಸಿದರೆ ಪ್ರಯೋಜನವಿಲ್ಲ. 300 ನ್ಯಾನೋಗ್ರಾಂ ಡಿಎನ್‌ಎ ಸುರಿದದ್ದು ದುರಾಸೆ. ಈ ಸಲ 58 ಮಾತ್ರ, ಅಂದರೆ 0.09 ಪಿಕೋಮೋಲ್. ನೀರು 20, 10 ಪಟ್ಟಿನ ಬಫರ್ 3, 300 ನ್ಯಾನೋಮೋಲಾರ್ ಗೈಡ್ 3, 1 ಮೈಕ್ರೋಮೋಲಾರ್ ಕ್ಯಾಸ್‌9 1 ಮೈಕ್ರೋಲೀಟರ್. 25 ಡಿಗ್ರಿಯಲ್ಲಿ 10 ನಿಮಿಷ (ಏಪ್ರಿಲ್‌ನ ಮೈಸೂರಿನಲ್ಲಿ "ರೂಂ ಟೆಂಪರೇಚರ್" ನಂಬಬೇಡಿ), ಆಮೇಲೆ 30 ನ್ಯಾನೋಮೋಲಾರ್ ಡಿಎನ್‌ಎ 3 ಮೈಕ್ರೋಲೀಟರ್, 37ರಲ್ಲಿ 15 ನಿಮಿಷ. 360ರ ಬ್ಯಾಂಡ್ ಮಂಕಾಗೇ ಕಾಣುತ್ತದೆ. ತೂಕವೇ ಕಮ್ಮಿ, ಗಾಬರಿ ಬೇಡ.

ಅಂದಹಾಗೆ ಮುಂದಿನದು ಮೊಸರು. ಮೊಸರಿನ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್‌ಗೆ ಕ್ರಿಸ್ಪರ್‌ನಿಂದ (ವೈರಸ್ ಡಿಎನ್‌ಎ ತುಣುಕುಗಳನ್ನು ಕೂಡಿಡುವ ಸಾಲು) ವೈರಸ್ ನಿರೋಧ ಬರುತ್ತದೆಂದು 2007ರಲ್ಲಿ ತೋರಿಸಿದ್ದು ಹೆಪ್ಪಿನ ವ್ಯಾಪಾರದವರೇ. ಮಂಡ್ಯ ಕಡೆಯ ನಾಲ್ಕೈದು ಮನೆ ಹೆಪ್ಪು ತಂದು, ಆ ಬ್ಯಾಕ್ಟೀರಿಯಾ ಸಿಕ್ಕರೆ, ಕ್ರಿಸ್ಪರ್‌1 ಸಾಲಿನ ಉದ್ದ ಅಳೆಯುವ ಯೋಚನೆ. ಒಂದೊಂದು ವೈರಸ್ ತುಣುಕು ಸೇರಿದಾಗಲೂ ಸಾಲು ಸುಮಾರು 66 ಬೇಸ್ ಬೆಳೆಯುತ್ತದೆ: 36 ರಿಪೀಟ್ (ಮತ್ತೆ ಮತ್ತೆ ಬರುವ ಭಾಗ), 30 ಸ್ಪೇಸರ್ (ವೈರಸ್ ತುಣುಕು).

ಅದಕ್ಕೆ ಮೊದಲು ಒಂದು ಬಾಕಿ ಕೆಲಸ. 1,000ದ ಬಳಿ ಇನ್ನೂ ತೆಳು ಗೆರೆಯಿದೆ. ನಾಲ್ಕನೇ ಜೆಲ್‌ಗೆ ಗೈಡ್ ಇಮ್ಮಡಿ, ಪಕ್ಕದಲ್ಲಿ ಪ್ರೋಟೀನೇಸ್ ಹಾಕದ ಲೇನ್.