ಬೆರಳು ಮಡಚಬಾರದು

ಮೈಸೂರಿನಿಂದ ಉಡುಪಿಗೆ ವರ್ಗವಾಗಿ ಬಂದ ಮೊದಲ ಶುಕ್ರವಾರ. ಆಫೀಸಿನಿಂದ ಬರುವಾಗ ಹೂವಿನ ಅಂಗಡಿ ಮುಂದೆ ನಿಂತು, "ಎರಡು ಮೊಳ ಮಲ್ಲಿಗೆ ಕೊಡಿ" ಅಂದೆ. ಬುದ್ಧಿ ಬಂದಾಗಿನಿಂದ ಹೂವು ಕೇಳಿದ್ದು ಹೀಗೇ. ಅಂಗಡಿಯವರು ಸುಮ್ನೆ ನನ್ನ ಮುಖ ನೋಡಿದರು.

"ಮಲ್ಲಿಗೆ ಮೊಳದಲ್ಲಿ ಇಲ್ಲ ಮಾರಾಯ್ರೆ. ಚೆಂಡು ಎಷ್ಟು ಬೇಕು?"

"ಚೆಂಡು ಹೂವು ಬೇಡ, ಮಲ್ಲಿಗೆ ಬೇಕು."

"ಮಲ್ಲಿಗೆಯೇ. ಎಷ್ಟು ಚೆಂಡು?"

ನನಗೆ ಚೆಂಡು ಅಂದರೆ ಮಕ್ಕಳು ಆಡುವ ಚೆಂಡು. ಇಲ್ಲಾಂದ್ರೆ ಆಯುಧಪೂಜೆ ದಿನ ಗಾಡಿಗೆ ಕಟ್ಟುವ ಹಳದಿ ಚೆಂಡು ಹೂವು. ಆ ಹೂವಿಗೆ ಇಲ್ಲಿ ಗೊಂಡೆ ಅನ್ನುತ್ತಾರೆ, ಅದು ಗೊತ್ತಾಗಿದ್ದು ಆಮೇಲೆ. ಇಬ್ಬರೂ ಆಡುತ್ತಿದ್ದದ್ದು ಕನ್ನಡವೇ. ಇಬ್ಬರ ಬಾಯಲ್ಲೂ ಅವೇ ಎರಡು ಅಕ್ಷರ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಲಿಲ್ಲ. ಕೊನೆಗೆ ಅವರೇ ಅರ್ಧ ಚೆಂಡು ತೂಗಿ ಹಿಡಿದು ತೋರಿಸಿದರು. ಅಷ್ಟೊಂದು ಹೂವು! ತಗೊಂಡು ಮನೆಗೆ ಬಂದೆ.

ಒಂದು ಚೆಂಡು ಅಂದರೆ 800 ಮೊಗ್ಗು, ಬಾಳೆ ನಾರಿನಲ್ಲಿ ಕಟ್ಟಿದ್ದು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಮೊಗ್ಗು. ಉಡುಪಿ ಹತ್ತಿರದ ಮಲ್ಲಿಗೆ ಊರು ಶಂಕರಪುರದಲ್ಲಿ ದಿನಾ ಅಟ್ಟೆಗೆ ಇಷ್ಟು ಅಂತ ರೇಟು ಹೇಳುತ್ತಾರೆ. ಮದುವೆ ಸೀಸನ್‌ನಲ್ಲಿ ಆ ರೇಟು ಕೇಳಿದರೆ ಎದೆ ಝಲ್ ಅನ್ನುತ್ತೆ, ಹೂವು ಜಾಸ್ತಿ ಬಂದ ದಿನ ಅದೇ ರೇಟು ನೆಲಕ್ಕೆ ಬಿದ್ದಿರುತ್ತದೆ. ರೇಟು ಏರಲಿ ಇಳಿಯಲಿ, ಚೆಂಡು ಮಾತ್ರ 800. ಅಂಗಡಿಯಲ್ಲಿ ಯಾರೂ ಎಣಿಸುವುದಿಲ್ಲ. ನಾನಂತೂ ಒಂದು ದಿನವೂ ಎಣಿಸಿಲ್ಲ.

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಮೊಳದ ಕಥೆಯೇ ಬೇರೆ.

ಚಿಕ್ಕವಳಿದ್ದಾಗ ಅಮ್ಮನ ಜೊತೆ ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದೆ. ಹೂವಿನ ಸಾಲಿನಲ್ಲಿ ಒದ್ದೆ ನೆಲ, ಒದ್ದೆ ಗೋಣಿಚೀಲ, ಅದರ ಮೇಲೆ ಸುರುಳಿ ಸುತ್ತಿಟ್ಟ ಮಲ್ಲಿಗೆ, ಕನಕಾಂಬರ. ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿವರೆಗೆ. ಆದರೆ ಯಾರ ಕೈ? ಒಬ್ಬರು ಎತ್ತರದ ಗಂಡಸು, ಅವರ ಪಕ್ಕದಲ್ಲೇ ಗಿಡ್ಡಗಿನ ಅಜ್ಜಿ. ಇಬ್ಬರ ಮೊಳಕ್ಕೂ ನಾಲ್ಕು ಬೆರಳಷ್ಟು ವ್ಯತ್ಯಾಸ ಇದ್ದೇ ಇತ್ತು. ರೇಟು ಒಂದೇ. ಅಮ್ಮ ಯಾವಾಗಲೂ ಆ ಅಜ್ಜಿ ಹತ್ತಿರವೇ ತಗೊಳ್ಳುತ್ತಿದ್ದರು. ಕೈ ಗಿಡ್ಡ ಅಂತ ಒಂದು ದಿನವೂ ತಕರಾರು ಮಾಡಿದ್ದು ನೆನಪಿಲ್ಲ.

ತಕರಾರು ಮಾಡಿದ್ದು ಒಂದೇ ಸಲ, ಅದೂ ಬೇರೆ ಅಂಗಡಿಯಲ್ಲಿ. ಹೂವು ಅಳೆಯುವಾಗ ಆ ಹುಡುಗ ಬೆರಳುಗಳನ್ನು ಒಳಕ್ಕೆ ಮಡಚಿಕೊಂಡ. ಅಮ್ಮ ತಕ್ಷಣ ಅವನ ಕೈ ಹಿಡಿದರು. "ಬೆರಳು ಮಡಚಬೇಡಪ್ಪ. ನೀಟಾಗಿ ಚಾಚಿ ಅಳಿ." ದನಿ ಜೋರಿರಲಿಲ್ಲ. ಅಕ್ಕಪಕ್ಕ ಹೂವು ಕೊಳ್ಳುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಹುಡುಗ ಬೆರಳು ಚಾಚಿದ. ಅಳೆದು ಮುಗಿದ ಮೇಲೆ ಕೊಸರು ಅಂತ ಇನ್ನೊಂದು ಗೇಣು ಎಳೆದು ಕತ್ತರಿಸಿದ.

ಗಿಡ್ಡ ಕೈಯಿಂದ ಅಳೆದದ್ದೂ ಮೊಳವೇ, ಉದ್ದ ಕೈಯಿಂದ ಅಳೆದದ್ದೂ ಮೊಳವೇ. ಬೆರಳು ಮಡಚಿದರೆ ಮಾತ್ರ ಮೊಳ ಅಲ್ಲ. ಹಾಗಾದರೆ ಮೊಳ ಅನ್ನೋದು ಬರೀ ಉದ್ದ ಅಲ್ಲ. ಕೊಡುವವರು, ಕೊಳ್ಳುವವರು ಇಬ್ಬರೂ ಒಪ್ಪಿ ನಡೆಸಿಕೊಂಡು ಬಂದಿರುವ ಒಂದು ನಡವಳಿಕೆ. ಅದನ್ನು ಅಮ್ಮನಿಗೆ ಯಾರೂ ಪಾಠ ಮಾಡಿರಲಿಲ್ಲ. ನನಗೂ ಅಮ್ಮ ಪಾಠ ಮಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದೆ, ನೋಡಿದೆ, ಬಂತು.

ವ್ಯಾಕರಣಕಾರ ಪತಂಜಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಒಂದು ಮಾತು ಹೇಳಿದ್ದಾನೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ, ಒಂದು ಗಡಿಗೆ ಮಾಡಿಕೊಡು, ನನಗೆ ಅದರ ಕೆಲಸ ಇದೆ ಅನ್ನುತ್ತಾನೆ. ಆದರೆ ಪದ ಬೇಕಾದವನು ಯಾರೂ ವ್ಯಾಕರಣ ಬಲ್ಲವನ ಮನೆಗೆ ಹೋಗಿ, ಪದ ಮಾಡಿಕೊಡು ಅನ್ನುವುದಿಲ್ಲ. ಪದಗಳು ಜನರ ನಡುವೆ ಆಗಲೇ ಓಡಾಡುತ್ತಿರುತ್ತವೆ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಅಮ್ಮ ಹಿಡಿದ ಆ ಕೈ.

ಹಾಗಂತ ನಾಲ್ಕು ಗೋಡೆ ಒಳಗೆ ನಮ್ಮದೇ ಒಂದು ಅರ್ಥ ಇಟ್ಟುಕೊಂಡರೆ ಆಗಲ್ವಾ? ಆಗುತ್ತೆ, ಮನೆಯವರು ಇರುವವರೆಗೆ. ನಮ್ಮ ಅಜ್ಜಿ ಬಿಸಿಬೇಳೆಬಾತಿಗೆ "ಒಂದು ಪಾವು ಅಕ್ಕಿ, ಒಂದು ಪಾವು ಬೇಳೆ, ಆರು ಪಾವು ನೀರು" ಅನ್ನುತ್ತಿದ್ದರು. ಪಾವು ಅಂದರೆ ಸೇರಿನ ಕಾಲು ಭಾಗ. ಅಜ್ಜಿ ತೀರಿಕೊಂಡ ಮೇಲೆ ಅಂಗಡಿಯಿಂದ ಒಂದು ಪಾವು ತಂದು ಅವರ ಲೆಕ್ಕದಲ್ಲೇ ಮಾಡಿದೆ. ಹದ ಬರಲಿಲ್ಲ. ಮಸಾಲೆ ಖಾರ, ಹುಳಿ ಮುಂದೆ. ಮೂರು ಸಲ ಕೆಟ್ಟಿತು. ಆಮೇಲೆ ಒಂದು ದಿನ ಅತ್ತೆ ಮನೆಯಲ್ಲಿ ಅಜ್ಜಿಯ ಹಳೇ ಹಿತ್ತಾಳೆ ಪಾವು ಸಿಕ್ಕಿತು. ತುಂಬಿ ಸುರಿದು ನೋಡಿದೆ. ಅಂಗಡಿ ಪಾವಿಗಿಂತ ಎರಡು ಹಿಡಿ ಜಾಸ್ತಿ ಹಿಡಿಯುತ್ತಿತ್ತು. ಅಜ್ಜಿಯ ಮಸಾಲೆ ಅಷ್ಟಕ್ಕೆ ಸರಿಯಾಗಿತ್ತು. ಅವರ ಪಾವಿಗೆ ಅರ್ಥ ಕೊಡುತ್ತಿದ್ದದ್ದು ಅದೊಂದು ಪಾತ್ರೆ, ಆ ಅಡುಗೆಮನೆ, ಅಲ್ಲಿ ಕೈಯಾಡಿಸುತ್ತಿದ್ದ ನಾಲ್ಕು ಜನ. ಆ ಹಿತ್ತಾಳೆ ಪಾವು ಈಗ ನನ್ನ ಹತ್ತಿರ ಇದೆ. ಮಗಳಿಗೆ ಹೇಳಿಕೊಡುವಾಗ "ಅಜ್ಜಿ ಪಾವು" ಅಂತಲೇ ಹೇಳುತ್ತೇನೆ.

ಇದಕ್ಕೆ ಪೂರ್ತಿ ಉಲ್ಟಾ ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು, ಹದಿನಾರು ಆಣೆ ಲೆಕ್ಕ ಹೋಯಿತು. ಆದರೂ ನಾವೆಲ್ಲ 25 ಪೈಸೆಗೆ ನಾಲ್ಕಾಣೆ ಅಂತಲೇ ಅಂದೆವು. 2011ರಲ್ಲಿ ಆ ನಾಣ್ಯವೂ ಚಲಾವಣೆಯಿಂದ ಹೋಯಿತು. ಹೋದ ವಾರ ಬಸ್ಸಿನಲ್ಲಿ ಒಬ್ಬ ಹುಡುಗ ಫೋನಲ್ಲಿ "ಹದಿನಾರಾಣೆ ಸತ್ಯ ಕಣೋ" ಅಂದ. ಆಣೆ ಕಣ್ಣಲ್ಲಿ ನೋಡಿರಲಿಕ್ಕಿಲ್ಲ. ಹದಿನಾರು ಯಾಕೆ ಅಂತ ಕೇಳಿದರೆ ಹೇಳಲಿಕ್ಕೂ ಬರಲಿಕ್ಕಿಲ್ಲ. ಆದರೂ ಹೇಳಿದ್ದು ಸರಿಯಾದ ಜಾಗದಲ್ಲಿ, ಕೇಳಿದವನಿಗೂ ತಿಳಿಯಿತು.

ಹೋದ ಸಲ ಮೈಸೂರಿಗೆ ಹೋದಾಗ ಹೂವಿನ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಬಂದವರಲ್ಲಿ ಜಾಸ್ತಿ ಜನ "ಇಪ್ಪತ್ತು ರೂಪಾಯಿಗೆ ಕೊಡಿ" ಅನ್ನುತ್ತಿದ್ದರು. ಮಾರುವವರು ಕಣ್ಣಳತೆಯಲ್ಲಿ ಒಂದು ತುಂಡು ಕತ್ತರಿಸಿ ಕವರಿಗೆ ಹಾಕಿ ಕೊಡುತ್ತಿದ್ದರು. ಯಾರೂ ಕೈ ಚಾಚಲಿಲ್ಲ. ಮೊಳ ಅಂತ ಕೇಳಿದರೆ ತಾನೇ ಮೊಳ ಹಾಕೋದು? ನನಗೆ ನಿಜವಾಗಲೂ ಸಂಕಟ ಆಯಿತು. ಪದ ನಿಘಂಟಿನಲ್ಲಿ ಇದ್ದೇ ಇರುತ್ತದೆ. ಆದರೆ ಬೆರಳು ಮಡಚಿದ್ದು ತಪ್ಪು ಅಂತ ಕೈ ಹಿಡಿಯುವವರು ಇಲ್ಲದಿದ್ದರೆ ಆ ಪದ ಯಾರ ಹತ್ತಿರ ಉಳಿಯುತ್ತೆ? ನಾನು ಮುಂದೆ ಹೋಗಿ "ಎರಡು ಮೊಳ" ಅಂದೆ. ಆಕೆ ನಕ್ಕು, ಬಳೆ ಹಿಂದಕ್ಕೆ ಸರಿಸಿ, ಬೆರಳು ಪೂರ್ತಿ ಚಾಚಿ ಅಳೆದು ಕೊಟ್ಟರು. ಕೊಸರು ಕೇಳುವ ಮುಂಚೆಯೇ ಬಂತು.

ಉಡುಪಿ ಮಲ್ಲಿಗೆ ಅನ್ನುವ ಹೆಸರಿಗೆ ಜಿಐ ಗುರುತು, ಅಂದರೆ ಇದು ಇಂಥ ಊರಿನದೇ ಅನ್ನುವ ಕಾನೂನಿನ ಗುರುತು, ಇದೆ. ಮೈಸೂರು ಮಲ್ಲಿಗೆಗೂ ಇದೆ, ಹಡಗಲಿ ಮಲ್ಲಿಗೆಗೂ ಇದೆ. ಒಳ್ಳೆಯದೇ, ಹೆಸರನ್ನು ಕಾನೂನು ಕಾಯುತ್ತದೆ. ಚೆಂಡನ್ನು ಕಾಯುವವರು ಯಾರು ಅಂತ ನಾನು ಕಂಡಿದ್ದು ನಮ್ಮ ಪಕ್ಕದ ಮನೆಯಲ್ಲಿ.

ಅವರ ಅಂಗಳದಲ್ಲಿ ಇಪ್ಪತ್ತೈದು ಮಲ್ಲಿಗೆ ಗಿಡ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಜಗಲಿ ಮೇಲೆ ಒದ್ದೆ ಬಟ್ಟೆ ಹಾಸಿ, ಮನೆಮಂದಿಯೆಲ್ಲ ಕೂತು ಕಟ್ಟುತ್ತಾರೆ. ಆ ಮನೆಯ ಅಮ್ಮನ ಎಡಗೈ ಪಕ್ಕ ಒಂದು ಚಿಪ್ಪಿನಲ್ಲಿ ಹುಣಸೆ ಬೀಜ. ನೂರು ಮೊಗ್ಗು ಆದಾಗ ಒಂದು ಬೀಜ ಹೊರಗೆ ಇಡುತ್ತಾರೆ. ಎಂಟು ಬೀಜ ಆದರೆ ಒಂದು ಚೆಂಡು. ತುಳುವಿನಲ್ಲಿ ಏನೇನೋ ಮಾತಾಡುತ್ತಲೇ ಇರುತ್ತಾರೆ, ನಗುತ್ತಾರೆ, ಎಣಿಕೆ ಮಾತ್ರ ತಪ್ಪುವುದಿಲ್ಲ.

ರಜೆಯಲ್ಲಿ ನನ್ನ ಮಗಳೂ ಹೋಗಿ ಕೂತಳು. ಒಂಬತ್ತು ವರ್ಷ, ಬೆರಳು ಚುರುಕು. ಐದನೇ ಬೀಜ ಇಟ್ಟೆನಾ ಇಲ್ಲವಾ ಅಂತ ಅವಳಿಗೆ ಅನುಮಾನ ಬಂತು. ಹೇಳದೆ ಮುಂದುವರಿಸಿದಳು, ಕೊನೆಗೆ ಎಂಟು ಬೀಜ ತೋರಿಸಿದಳು. ಆ ಅಮ್ಮ ಮಾಲೆಯನ್ನು ಅಂಗೈ ಮೇಲೆ ಇಟ್ಟು ಒಂದು ಸಲ ತೂಗಿ ನೋಡಿದರು. ಏನೂ ಅನ್ನಲಿಲ್ಲ. ಒಂದು ತುದಿಯಿಂದ ಎಣಿಸಲು ಶುರು ಮಾಡಿದರು. ಏಜೆಂಟ್ ಬರುವ ಹೊತ್ತಾಗಿತ್ತು, ಉಳಿದ ಹೂವು ಬುಟ್ಟಿಯಲ್ಲಿ ತಯಾರಿತ್ತು. ಆದರೂ ಎಣಿಸಿದರು. 711.

ಮಗಳು ತಲೆ ತಗ್ಗಿಸಿ, "ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ ಆಂಟಿ?" ಅಂದಳು.

"ಗೊತ್ತಾಗುವುದಿಲ್ಲ. ಆದರೆ ಇದು ಚೆಂಡು ಅಲ್ಲ ಮಗಾ, ಬರೀ ಮಾಲೆ."

ಬಟ್ಟೆ ಮೇಲೆ ಉಳಿದಿದ್ದ ಮೊಗ್ಗುಗಳನ್ನು ಅವಳ ಕಡೆ ಸರಿಸಿದರು. ಮಗಳು ಬಾಳೆ ನಾರು ಒದ್ದೆ ಮಾಡಿಕೊಂಡು, ಈ ಸಲ ಜೋರಾಗಿ ಎಣಿಸುತ್ತಾ, 712ರಿಂದ ಕಟ್ಟತೊಡಗಿದಳು.